ಪ್ಯಾಂಟಿಗಿಂತ ಮೊದಲು ರೀಲ್ಸ್

ನಿನ್ನೆ ಬಳ್ಳಾರಿಯ ಬೆಂಗಳೂರು ರೋಡಿನಲ್ಲಿ ಜೀನ್ಸ್ ತಗೊಳ್ಳೋಕೆ ಹೋಗಿದ್ದೆ. "ಅಣ್ಣಾ, 34 ಸೈಜ್ ತೋರಿಸ್ರಿ" ಅಂದೆ. "ಎರಡೇ ನಿಮಿಷ ಕೂಡ್ರಿ, ರೀಲ್ಸ್ ನಡೆದೈತಿ" ಅಂದರು. ಅಂಗಡಿ ಹುಡುಗ ಪ್ಯಾಂಟಿನ ಎರಡೂ ಕಾಲು ಹಿಡಿದು ಜಗ್ಗಿ ತೋರಿಸುತ್ತಿದ್ದ. ಹೊಲಿಗೆ ಗಟ್ಟಿ ಅಂತ. ಅಷ್ಟರಲ್ಲಿ ಹೊರಗೆ ಆಟೋ ಹಾರ್ನ್. ಮತ್ತೆ ಮೊದಲಿಂದ ಜಗ್ಗಿದ, ಪಾಪ.

ಮುಂಚೆ ಪೇಪರ್ ಒಳಗೆ ಪಾಂಪ್ಲೆಟ್ ಇಡಿಸುತ್ತಿದ್ದರು, ಆಟೋಗೆ ಮೈಕ್ ಕಟ್ಟಿಸುತ್ತಿದ್ದರು. 2020ರಲ್ಲಿ ಟಿಕ್‌ಟಾಕ್ ಬಂದ್ ಆಗಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು ನೋಡಿ, ಈಗ ಎಲ್ಲರ ಕೈಯಲ್ಲೂ ರಿಂಗ್ ಲೈಟ್. ಪೇಪರಿನವರೂ ಸುಮ್ನೆ ಕೂತಿಲ್ಲ, ಬೆಳಗಿನ ಸುದ್ದಿ ರಾತ್ರಿಯೇ ಫೇಸ್‌ಬುಕ್‌ಗೆ ಹಾಕುತ್ತಾರೆ.

ನನಗೆ ಬೇಜಾರೇನಿಲ್ಲ. ಒಂದೇ ತಕರಾರು, ರೇಟ್ ಮಾತ್ರ ಯಾರೂ ಹೇಳಲ್ಲ. "ಮೆಸೇಜ್ ಮಾಡಿ" ಅಂತಾರೆ. ಜಗ್ಗೋ ಹುಡುಗ ಕಾಣಿಸ್ತಾನೆ, ಮಿಷನ್ ಮುಂದೆ ಕೂತು ಹೊಲಿದವರು ಒಂದು ರೀಲ್ಸಿನಲ್ಲೂ ಕಾಣಲ್ಲ, ಅಲ್ವಾ?

ಅಂದಹಾಗೆ 34 ಸೈಜ್ ಇರಲಿಲ್ಲ. ರಾತ್ರಿ ಫೋನ್ ತೆಗೆದರೆ ಆ ರೀಲ್ಸಿನಲ್ಲಿ ಹಿಂದೆ ಸ್ಟೂಲ್ ಮೇಲೆ ನಾನು. ಮೇಲೆ ದೊಡ್ಡ ಅಕ್ಷರದಲ್ಲಿ, "ಗಿರಾಕಿ ರಶ್ ನೋಡ್ರಿ!"