ಬೆರಳ ತುದಿಗೆ ತಾಕುವ ಸಿನಿಮಾ

ಯಾನ್ ಶ್ವಾಂಕ್‌ಮಾಯರ್ ಅವರ ಚಿತ್ರಗಳನ್ನು ನೋಡುವಾಗಲೆಲ್ಲ ನನ್ನ ಬೆರಳುಗಳು ಕಣ್ಣಿಗಿಂತ ಮೊದಲು ಎಚ್ಚರಗೊಳ್ಳುತ್ತವೆ. 1934ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿ, 1970ರಲ್ಲಿ ತಮ್ಮ ಪತ್ನಿ, ಕಲಾವಿದೆ ಎವಾ ಅವರೊಡನೆ ಜೆಕೊಸ್ಲೊವಾಕಿಯಾದ ಸರ್ರಿಯಲಿಸ್ಟ್ (ಕನಸು ಮತ್ತು ಸುಪ್ತಮನಸ್ಸಿನ ತರ್ಕವನ್ನು ಕಲೆಗೆ ತರುವ) ಗುಂಪನ್ನು ಸೇರಿದ ಈ ಅನಿಮೇಷನ್ ನಿರ್ದೇಶಕರ ರಾಜಕೀಯವನ್ನು ಅವರ ಕಥೆಗಳಲ್ಲಿ ಹುಡುಕುವುದಕ್ಕಿಂತ, ಅವರು ಕೈಗೆತ್ತಿಕೊಂಡ ಜೇಡಿಮಣ್ಣಿನಲ್ಲಿ, ಹಸಿ ಮಾಂಸದಲ್ಲಿ, ಸವೆದ ಹಳೆಯ ಸಾಮಾನುಗಳಲ್ಲಿ ಹುಡುಕಬೇಕೆಂದು ನನಗೆ ಅನ್ನಿಸುತ್ತದೆ.

1982ರ 'ಡೈಮೆನ್ಷನ್ಸ್ ಆಫ್ ಡೈಲಾಗ್' ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ. ಅದರ ಮೊದಲ ಭಾಗದಲ್ಲಿ ಹಣ್ಣು ತರಕಾರಿಗಳಿಂದ, ಅಡುಗೆಮನೆಯ ಪಾತ್ರೆಗಳಿಂದ, ಕಾಗದ ಪುಸ್ತಕಗಳಿಂದ ಜೋಡಿಸಿದ ತಲೆಗಳು ಒಂದನ್ನೊಂದು ನುಂಗಿ, ಅರೆದು, ಉಗುಳುತ್ತವೆ. ಹಣ್ಣು ತರಕಾರಿಗಳನ್ನು ಜೋಡಿಸಿ ಮುಖಗಳನ್ನು ಚಿತ್ರಿಸಿದ, ಹದಿನಾರನೆಯ ಶತಮಾನದ ಚಕ್ರವರ್ತಿ ಎರಡನೆಯ ರುಡಾಲ್ಫ್‌ನ ಆಸ್ಥಾನ ಚಿತ್ರಕಾರನಾಗಿದ್ದ ಆರ್ಚಿಂಬೋಲ್ಡೋನ ನೆನಪು ಆ ತಲೆಗಳಲ್ಲಿ ಎದ್ದು ಕಾಣುತ್ತದೆ. ಪ್ರತಿ ಸುತ್ತಿನಲ್ಲೂ ಚೂರುಗಳು ಇನ್ನಷ್ಟು ನುಣ್ಣಗಾಗುತ್ತ, ಕೊನೆಗೆ ಒಂದಕ್ಕೊಂದು ಬೇರೆಯೆಂದು ಗುರುತಿಸಲಾಗದ ಮಣ್ಣಿನ ತಲೆಗಳು ಮಾತ್ರ ಉಳಿದು, ತಮ್ಮಂಥವೇ ತಲೆಗಳನ್ನು ಕಾರಿಕೊಳ್ಳುತ್ತ ಹೋಗುತ್ತವೆ. ಒಂದೇ ಒಂದು ಮಾತಿಲ್ಲದೆ, ಮನುಷ್ಯರನ್ನು ಒಂದೇ ಅಚ್ಚಿಗೆ ಇಳಿಸುವ ವ್ಯವಸ್ಥೆಯ ಕೆಲಸವೇನೆಂಬುದು ಇಲ್ಲಿ ಕಣ್ಣಮುಂದೆ ನಡೆದುಹೋಗುತ್ತದೆ. ಈ ಚಿತ್ರಕ್ಕೆ 1983ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಕಿರುಚಿತ್ರ ವಿಭಾಗದ ಗೋಲ್ಡನ್ ಬೇರ್ ಪ್ರಶಸ್ತಿ ದೊರೆಯಿತು; ಸ್ವದೇಶದಲ್ಲಿ ಅದೇ ಚಿತ್ರವನ್ನು, ಸಿನಿಮಾ ಹೇಗಿರಬಾರದೆಂಬುದಕ್ಕೆ ಉದಾಹರಣೆಯಾಗಿ ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಸೈದ್ಧಾಂತಿಕ ಆಯೋಗದ ಮುಂದೆ ಪ್ರದರ್ಶಿಸಲಾಯಿತು. ಆಯೋಗದವರು ಚಿತ್ರವನ್ನು ಸರಿಯಾಗಿಯೇ ಅರ್ಥಮಾಡಿಕೊಂಡಿದ್ದರು ಎಂದು ನಾನು ಭಾವಿಸುತ್ತೇನೆ.

ಅದಕ್ಕೂ ಹಿಂದೆ, 1970ರ ದಶಕದಲ್ಲಿ ಹಲವು ವರ್ಷ ಅವರಿಗೆ ಸಿನಿಮಾ ಮಾಡುವ ಅವಕಾಶವೇ ಇರಲಿಲ್ಲ. ಆ ಬಿಡುವಿನಲ್ಲಿ ಅವರು ನೋಡುವುದಕ್ಕಿಂತ ಮುಟ್ಟಿ ತಿಳಿಯಬೇಕಾದ ಕಲಾಕೃತಿಗಳನ್ನು ರೂಪಿಸುತ್ತ, ಸ್ಪರ್ಶವನ್ನೇ ಒಂದು ಭಾಷೆಯಾಗಿ ಅಭ್ಯಾಸ ಮಾಡಿದರು. ಮತ್ತೆ ಕ್ಯಾಮೆರಾ ಕೈಗೆ ಬಂದಾಗ ಆ ಅಭ್ಯಾಸವೂ ಜೊತೆಗೇ ಬಂದಿತು: ವಸ್ತುವಿನ ಮೈಗೆ ತಾಗುವಷ್ಟು ಹತ್ತಿರದ ಕ್ಲೋಸಪ್‌ಗಳು, ಉಜ್ಜುವ, ಕಿರುಗುಟ್ಟುವ, ಲೊಚಗುಟ್ಟುವ ಸದ್ದುಗಳು. 1988ರ 'ಆಲಿಸ್' ಚಿತ್ರದ ಮೊಲ ಹೊಟ್ಟು ತುಂಬಿದ ಸತ್ತ ಪ್ರಾಣಿಯಾಗಿದ್ದು, ಎದೆಯಿಂದ ಸೋರಿಹೋದ ಮರದ ಹೊಟ್ಟನ್ನು ತಾನೇ ತಿಂದು ತುಂಬಿಕೊಳ್ಳುತ್ತದೆ. ಮಕ್ಕಳ ಕನಸಿನೊಳಗಿನ ಕ್ರೌರ್ಯವನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಮತ್ತೊಂದು ಚಿತ್ರವನ್ನು ನಾನು ನೋಡಿಲ್ಲ.

ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ, 1990ರಲ್ಲಿ ಅವರು ಮಾಡಿದ 'ದಿ ಡೆತ್ ಆಫ್ ಸ್ಟಾಲಿನಿಸಂ ಇನ್ ಬೊಹೀಮಿಯಾ' ಚಿತ್ರವನ್ನು ಅವರೇ ಪ್ರಚಾರದ ಕೃತಿಯೆಂದು ಕರೆದರು. ಅದರ ಸಂಕೇತಗಳು ಅವರ ಉಳಿದ ಚಿತ್ರಗಳಿಗಿಂತ ನೇರವಾಗಿವೆಯೆಂಬುದು ನಿಜ; ಆದರೂ ಅಲ್ಲಿ ಮಣ್ಣಿನ ಕೆಲಸಗಾರರು ಅಚ್ಚಿನಿಂದ ಒಬ್ಬೊಬ್ಬರಾಗಿ ಹೊರಬಂದು, ನೇಣಿಗೇರಿ, ಮತ್ತೆ ಹಸಿಮಣ್ಣಾಗಿ ಅದೇ ಅಚ್ಚಿಗೆ ಮರಳುವುದನ್ನು ನೋಡಿದ ಮೇಲೆ ಆ ಆಕ್ಷೇಪವನ್ನು ಮುಂದುವರಿಸಲು ನನ್ನಿಂದಾಗಲಿಲ್ಲ. ಚಿತ್ರದ ಆರಂಭದಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸ್ಟಾಲಿನ್‌ನ ಪ್ರತಿಮೆಯನ್ನು ಸೀಳಿದಾಗ ಒಳಗಿನಿಂದ ಜೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ನಾಯಕ ಗಾಟ್‌ವಾಲ್ಡ್‌ನ ಪ್ರತಿಮೆ ಹುಟ್ಟುತ್ತದೆ. ಕೊನೆಯಲ್ಲಿ ರಾಷ್ಟ್ರಧ್ವಜದ ಬಣ್ಣ ಬಳಿದ ಸ್ಟಾಲಿನ್‌ನನ್ನು ಅದೇ ಮೇಜಿನ ಮೇಲೆ ಮತ್ತೆ ಸೀಳುತ್ತಾರೆ. ಈ ಸಲ ಒಳಗಿನಿಂದ ಏನು ಹೊರಬಂದಿತೆಂಬುದನ್ನು ಚಿತ್ರ ತೋರಿಸುವುದಿಲ್ಲ.