ಅಪ್ಪನ ಸೌದೆ ಕಟ್ಟು

ನಮ್ ಚಿಕ್ಕಮಗಳೂರು ಕಡೆಯವ್ರಿಗೆ ದೀಪಾವಳಿ ಅಂದ್ರೆ ಬಿಂಡಿಗದ ದೇವೀರಮ್ಮ. ವರ್ಷಕ್ಕೊಂದ್ಸಲ ನರಕ ಚತುರ್ದಶಿಗೆ ಬರಿಗಾಲಲ್ಲಿ ಬೆಟ್ಟ ಹತ್ತೋದು, ಮೆಟ್ಲು ಗಿಟ್ಲು ಏನಿಲ್ಲ, ಹುಲ್ಲು ಕಲ್ಲು ಹಿಡ್ಕೊಂಡೇ ಹೋಗ್ಬೇಕು, ಜೊತೆಗೆ ತುಪ್ಪ, ಬಟ್ಟೆ, ಸೌದೆ ಬೇರೆ. ಸಂಜೆ ಅದನ್ನೆಲ್ಲ ತುದೀಲಿ ಹಚ್ತಾರೆ, ಆ ಬೆಳಕು ಕಂಡ್ಮೇಲೇ ಮನೆಮನೇಲಿ ಆರತಿ.

ಅಪ್ಪ 31 ವರ್ಷ ತಪ್ಪದೆ ಹತ್ತಿದವ್ರು. ಈ ಯುಗಾದಿ ಆದ್ಮೇಲೆ ಸ್ಟ್ರೋಕ್ ಆಗಿ ಬಲಗಡೆ ಪೂರ್ತಿ ಬಿದ್ದೋಯ್ತು, ಮಾತೂ ನಿಂತೋಯ್ತು. ನಿನ್ ಬೆಟ್ಟ ಹತ್ತಿದ ಕಾಲನ್ನೇ ಕಿತ್ಕೊಂಡ್ಯಲ್ಲಮ್ಮ ಅಂತ ನಾನು ಎಷ್ಟು ರಾತ್ರಿ ಅತ್ತಿದೀನೋ, ದೇವ್ರ ಮನೆಗೆ ಕಾಲಿಡೋದೇ ಬಿಟ್ಟಿದ್ದೆ.

ಹಬ್ಬಕ್ಕೆ ನಾಲ್ಕು ದಿನ ಇರೋವಾಗ ಅಪ್ಪ ಕೊಟ್ಟಿಗೆ ಅಟ್ಟದ ಕಡೆ ಎಡಗೈ ತೋರಿಸ್ತಾನೇ ಇದ್ರು. ಹತ್ತಿ ನೋಡಿದ್ರೆ ಒಂದು ಕಟ್ಟು ಕಾಫಿ ಸೌದೆ, ಗಿಡದ ರೆಂಬೆ ಸವರಿದಾಗ್ಲೇ ಒಣಗಿಸಿ ಬಾಳೆ ಹಗ್ಗದಲ್ಲಿ ಬಿಗಿದಿಟ್ಟಿದ್ರು, ಗಂಟು ಅವ್ರದ್ದೇ, ಎರಡು ಸುತ್ತು ಹಾಕಿ ಒಳಗಿಂದ ಎಳೆಯೋದು. ಅಲ್ಲೇ ಕೂತ್ಕೊಂಡ್ಬಿಟ್ಟೆ.

ಸಿಟ್ಟು ಇಟ್ಕೊಂಡೇ ಹೊರಟೆ, ಸುಳ್ಳು ಹೇಳಲ್ಲ. ಮಲ್ಲೇನಹಳ್ಳಿ ಕಡೆಯಿಂದ ಕತ್ತಲಲ್ಲೇ ಹತ್ತೋಕೆ ಶುರು ಮಾಡಿದ್ದು, ರಾತ್ರಿ ಮಳೆ ಬಂದು ಕೆಸರು, ಅರ್ಧ ದಾರೀಲಿ ಜಾರಿ ಮಂಡಿ ಕಿತ್ತೋಯ್ತು. ಪಕ್ಕದಲ್ಲಿ ಹತ್ತುತಿದ್ದ ಒಬ್ಬ ಅಜ್ಜಿ ಸೌದೆ ಕಟ್ಟಿಗೆ ಕೈಕೊಟ್ಟು "ನಿಧಾನಕ್ಕೆ ಬಾರೋ ಮಗಾ, ಅವ್ಳು ಎಲ್ಲಿಗೂ ಹೋಗಲ್ಲ" ಅಂದ್ರು. ಆ ಮಾತು ತುದಿ ತನಕ ಜೊತೇಲೇ ಬಂತು. ಯಾಕೆ ಹಿಂಗ್ ಮಾಡ್ದೆ ಅಂತ ಕೇಳೇ ಕೇಳ್ತೀನಿ ಅಂತ ಹೋದವ್ನು, ಅವಳ ಎದುರು ನಿಂತಾಗ ಬಾಯಿಂದ ಬಂದಿದ್ದು "ಅಮ್ಮಾ, ಅಪ್ಪ ಕಳ್ಸಿದಾರೆ" ಅಷ್ಟೇ. ಕಟ್ಟು ಬಿಚ್ಚೋಕೆ ಮನಸ್ಸಾಗ್ಲಿಲ್ಲ, ಗಂಟು ಸಮೇತ ಇಟ್ಟು ಬಂದೆ.

ಸಂಜೆ ಅಪ್ಪನ್ನ ಕುರ್ಚಿ ಸಮೇತ ಎತ್ಕೊಂಡು ಬಂದು ಅಂಗಳದಲ್ಲಿ ಕೂರಿಸಿದ್ವಿ. ಮೊದ್ಲು ಮೋಡ, ಏನೂ ಕಾಣ್ಲಿಲ್ಲ, ಆಮೇಲೆ ಬೆಟ್ಟದ ತುದೀಲಿ ಒಂದು ಕೆಂಪು ಚುಕ್ಕಿ. ನಾನು ಇಷ್ಟು ವರ್ಷ ಆ ಬೆಳಕು ನೋಡಿದೀನಿ, ಅದು ಹತ್ತೋಕಾಗದೆ ಮನೇಲಿ ಉಳಿದವ್ರಿಗೂ ಅಂತ ಒಂದಿನಾನೂ ಹೊಳೆದಿರ್ಲಿಲ್ಲ. ಅಮ್ಮ ಆರತಿ ಎತ್ತಿದ್ರು. ಅಪ್ಪ ಎಡಗೈನ ಎದೆ ಮೇಲಿಟ್ಕೊಂಡು ಅಲ್ಲೇ ನೋಡ್ತಾ ಕೂತಿದ್ರು, ನಾನು ಅವ್ರ ಬಲಗೈ ಹಿಡ್ಕೊಂಡು ಕೆಳಗೆ ಕೂತೆ. ಎಷ್ಟೋ ತಿಂಗಳಾದ್ಮೇಲೆ ಆವತ್ತು ರಾತ್ರಿ ಇಬ್ರೂ ಬೆಳಗಿನ ತನಕ ಎಚ್ಚರಾಗದೆ ಮಲಗಿದ್ವಿ.