ಆ ಫೋಟೊದಲ್ಲಿರುವುದು ಬಾಲಕಾರ್ಮಿಕರಾ?

ಪಶ್ಚಿಮ ಆಫ್ರಿಕಾದ ಘಾನಾ ದೇಶದಲ್ಲಿ, ಚಾಕೊಲೇಟ್‌ಗೆ ಬೇಕಾದ ಕೊಕ್ಕೊ ಬೆಳೆಯುವ ತೋಟಗಳಲ್ಲಿ ನಾನು ತೆಗೆದ ಫೋಟೊಗಳನ್ನು ನೋಡಿದವರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಇವರೆಲ್ಲ ಬಾಲಕಾರ್ಮಿಕರು ಅಲ್ವಾ? ನೀವು ಸುಮ್ನೆ ಫೋಟೊ ತೆಗೆದುಕೊಂಡು ಬಂದ್ರಾ?" ಮಕ್ಕಳ ಮೇಲಿನ ಕಾಳಜಿಯಿಂದಲೇ ಕೇಳುತ್ತಾರೆ. ಹಾಗಾಗಿ ಸರಿಯಾಗಿ ಉತ್ತರ ಕೊಡಬೇಕು.

ಬರೀ ಫೋಟೊ ನೋಡಿ ಅದನ್ನು ಹೇಳಲು ಬರುವುದಿಲ್ಲ. ಫೋಟೊದ ಕೆಳಗೆ ನಾನು ಬರೆದ ಸಾಲುಗಳನ್ನು ಓದಬೇಕು. ಅಲ್ಲಿ ಏನೂ ಬರೆದಿಲ್ಲ ಅಂದರೆ, ಅಂಥ ಫೋಟೊ ಯಾರದ್ದೇ ಆಗಿರಲಿ, ಅದನ್ನು ನಂಬಿ ತೀರ್ಮಾನಕ್ಕೆ ಬರಬೇಡಿ.

ಕೊಕ್ಕೊ ಕೊಯ್ಲು ಜೋರಾಗುವುದು ಅಕ್ಟೋಬರ್‌ನಿಂದ. ದೊಡ್ಡವರು ಕಾಯಿ ಇಳಿಸಿ ಗುಡ್ಡೆ ಹಾಕುತ್ತಾರೆ. ನೆರೆಹೊರೆಯವರೆಲ್ಲ ಸುತ್ತ ಕೂತು ಒಡೆಯುತ್ತಾರೆ. ಇವತ್ತು ಇವರ ತೋಟ, ನಾಳೆ ಅವರದ್ದು. ನಮ್ಮ ಮುಯ್ಯಾಳು ಪದ್ಧತಿಯೇ. ಅಲ್ಲಿ ಇದನ್ನು ನ್ನೊಬೊವಾ ಅನ್ನುತ್ತಾರೆ. ಬಿಳಿ ತಿರುಳು ಅಂಟಿದ ಹಸಿ ಬೀಜವನ್ನು ಬಾಳೆ ಎಲೆಯಲ್ಲಿ ಮುಚ್ಚಿ ಸುಮಾರು ಆರು ದಿನ ಹುಳಿಯಲು ಬಿಡುತ್ತಾರೆ. ಆಮೇಲೆ ಬಿದಿರಿನ ಅಟ್ಟದ ಮೇಲೆ ಹರಡಿ, ಕೈಯಾಡಿಸುತ್ತಾ ಒಣಗಿಸುತ್ತಾರೆ.

ನನ್ನ ಹತ್ತಿರ ಎರಡು ಫೋಟೊಗಳಿವೆ. ಒಂದರಲ್ಲಿ 13 ವರ್ಷದ ಹುಡುಗಿ ಅಟ್ಟದ ಮುಂದೆ ನಿಂತು ಕಸ, ಚಪ್ಪಟೆ ಬೀಜ ಆರಿಸುತ್ತಿದ್ದಾಳೆ. ಬಿಸಿಲಿಗೆ ಮುಖ ಗಂಟಿಕ್ಕಿದೆ, ಅಂಗಿ ಹರಿದಿದೆ. ಇನ್ನೊಂದರಲ್ಲಿ ಅಷ್ಟೇ ವಯಸ್ಸಿನ ಹುಡುಗ ಗುಡ್ಡೆಯ ಪಕ್ಕ ಕೂತು ನಗುತ್ತಿದ್ದಾನೆ. ಯಾವುದನ್ನು ನೋಡಿ ಬೇಸರವಾಗುತ್ತದೆ ಅಂತ ಕೇಳಿದರೆ ಹೆಚ್ಚಿನವರು ಹುಡುಗಿಯತ್ತ ಬೆರಳು ತೋರಿಸುತ್ತಾರೆ.

ಆದರೆ ಹುಡುಗಿಯದ್ದು ಶನಿವಾರ ತೆಗೆದದ್ದು. ಅಮ್ಮ ಅಲ್ಲೇ ಪಕ್ಕದಲ್ಲಿದ್ದರು. ಹರಿದದ್ದು ತೋಟಕ್ಕೆಂದೇ ಇಟ್ಟ ಅಂಗಿ. ಸೋಮವಾರ ಅವಳು ಶಾಲೆಯಲ್ಲಿದ್ದಳು. ಹುಡುಗನದ್ದು ವಾರದ ನಡುವಿನ ದಿನ, ಶಾಲೆ ನಡೆಯುವ ಹೊತ್ತು. ಕೈಯಲ್ಲಿದ್ದ ಮಚ್ಚು ಫೋಟೊದ ಅಂಚಿನಾಚೆ ಉಳಿದಿದೆ. ಅವನು ಉತ್ತರದ ಒಣ ಪ್ರದೇಶದಿಂದ ಬಂದವನು, ಅಪ್ಪ ಅಮ್ಮ ಜೊತೆಗಿಲ್ಲ. ನಕ್ಕಿದ್ದು ಕ್ಯಾಮೆರಾ ಕಂಡ ಖುಷಿಗೆ.

ಘಾನಾದ 1998ರ ಮಕ್ಕಳ ಕಾಯ್ದೆ ಇವೆರಡನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಆರೋಗ್ಯಕ್ಕೂ ಓದಿಗೂ ತೊಂದರೆಯಾಗದ ಹಗುರ ಕೆಲಸಕ್ಕೆ 13 ವರ್ಷ ಆಗಿರಬೇಕು, ಕೂಲಿ ಕೆಲಸಕ್ಕೆ 15, ಅಪಾಯದ ಕೆಲಸಕ್ಕೆ 18. ಮಚ್ಚು ಬೀಸುವುದು, ಔಷಧಿ ಹೊಡೆಯುವುದು, ಭಾರದ ಮೂಟೆ ಹೊರುವುದು, ಇವೆಲ್ಲ ಅಪಾಯದ ಕೆಲಸ. ಪುತ್ತೂರು, ಸುಳ್ಯ ಕಡೆಯ ಸ್ನೇಹಿತರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆದ ಮನೆಗಳವರು. ರಜೆಯಲ್ಲಿ ಕಾಯಿ ಒಡೆಯುವಾಗ ಬೀಜ ಚೀಪಿದ ರುಚಿ ಅವರಿಗೆ ಇನ್ನೂ ನೆನಪಿದೆ.

ಇಷ್ಟು ಹೇಳಿ ಸಮಸ್ಯೆ ಚಿಕ್ಕದು ಅಂದುಬಿಟ್ಟರೆ ಅದು ಸುಳ್ಳಾಗುತ್ತದೆ. 2001ರಲ್ಲಿ ದೊಡ್ಡ ಚಾಕೊಲೇಟ್ ಕಂಪನಿಗಳು ಅತಿ ಕೆಟ್ಟ ಬಗೆಯ ಬಾಲದುಡಿಮೆಯನ್ನು 2005ರೊಳಗೆ ಕೊನೆಗಾಣಿಸುತ್ತೇವೆ ಎಂದು ಒಪ್ಪಂದಕ್ಕೆ ಸಹಿ ಹಾಕಿದವು. ಆಗಲಿಲ್ಲ. ಷಿಕಾಗೊ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆಯ 2020ರ ವರದಿ ಘಾನಾ ಮತ್ತು ಪಕ್ಕದ ಐವರಿ ಕೋಸ್ಟ್ ಎರಡೂ ಸೇರಿ ಕೊಕ್ಕೊ ಬೆಳೆಯಲ್ಲಿ ಸುಮಾರು 15.6 ಲಕ್ಷ ಬಾಲಕಾರ್ಮಿಕರನ್ನು ಲೆಕ್ಕ ಹಾಕಿತು. ಅವರಲ್ಲಿ ಬಹುಪಾಲು ಮಕ್ಕಳು ಮಾಡುತ್ತಿದ್ದದ್ದು ಅಪಾಯದ ಕೆಲಸವೇ. ಹೆಚ್ಚಿನವರು ತಮ್ಮ ಮನೆಯವರ ಜೊತೆಗೇ ದುಡಿಯುವವರು. ಅಬುಸಾ ಅನ್ನುವ ಪಾಲಿನ ಪದ್ಧತಿಯಲ್ಲಿ ದುಡಿಯುವವನಿಗೆ ಸಾಮಾನ್ಯವಾಗಿ ಸಿಗುವುದು ಬೆಳೆಯ ಮೂರನೇ ಒಂದು ಪಾಲು. ಅಷ್ಟರಲ್ಲಿ ದೊಡ್ಡ ಆಳಿಗೆ ಕೂಲಿ ಕೊಟ್ಟು ಪೂರೈಸುವುದು ಹೇಗೆ? ಮಗನ ಕೈಗೆ ಮಚ್ಚು ಬರುವುದು ಹೀಗೆ. ಮಗುವಿನ ಮುಖವೊಂದನ್ನೇ ದೊಡ್ಡದು ಮಾಡಿ ತೋರಿಸಿದರೆ ಅಪ್ಪನೇ ಕಟುಕ ಅನ್ನಿಸುತ್ತದೆ. ಕೊಕ್ಕೊ ಬೆಲೆಯೂ ಅದನ್ನು ಕೊಳ್ಳುವವರೂ ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ನನಗೆ ಜಾಸ್ತಿ ಸಿಟ್ಟು ಬರುವುದು ಇಂಥ ಫೋಟೊಗಳ ಮೇಲೆ.

ಅದಕ್ಕೇ ನನ್ನ ಕ್ಯಾಮೆರಾ ತಡವಾಗಿ ಹೊರಗೆ ಬರುತ್ತದೆ. ಮೊದಲು ಊರ ಮುಖಂಡರನ್ನು ಕಾಣಬೇಕು, ಬರಿಗೈಲಿ ಹೋಗುವ ಹಾಗಿಲ್ಲ. ಸ್ನ್ಯಾಪ್ಸ್ ಅನ್ನುವ ಮದ್ಯದ ಬಾಟಲಿ ಒಯ್ಯುವುದು ಅಲ್ಲಿನ ಮರ್ಯಾದೆ. ಆಮೇಲೆ ತಂದೆತಾಯಿ. ಕೊನೆಗೆ ಮಗುವನ್ನೇ ಕೇಳುತ್ತೇನೆ. ಮಗು ಬೇಡ ಅಂದರೆ ಊರೇ ಒಪ್ಪಿದ್ದರೂ ಫೋಟೊ ಇಲ್ಲ. ವಯಸ್ಸು, ವಾರ, ಹೊತ್ತು, ಕೈಯಲ್ಲಿ ಏನಿತ್ತು, ತೋಟ ಯಾರದ್ದು, ಶಾಲೆ ಯಾವುದು, ಎಲ್ಲ ಅಲ್ಲೇ ಬರೆದುಕೊಳ್ಳುತ್ತೇನೆ. ಕೊಕ್ಕೊ ಮರದಡಿ ಕತ್ತಲು ಜಾಸ್ತಿ. ಎಲೆಗಳ ಸಂದಿಯ ಬಿಸಿಲಿಗೆ ಕ್ಯಾಮೆರಾ ಮೋಸ ಹೋಗಿ ಮುಖಗಳನ್ನು ಬರೀ ಕಪ್ಪು ನೆರಳು ಮಾಡಿಬಿಡುತ್ತದೆ. ಮುಖಕ್ಕೆ ಬೇಕಾದ ಬೆಳಕನ್ನು ಕೈಯಿಂದಲೇ ಹೊಂದಿಸಿ, ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು ತೆಗೆಯುತ್ತೇನೆ.

ಸುಮ್ನೆ ಬಂದ್ರಾ ಅನ್ನುವ ಮಾತಿಗೂ ಉತ್ತರ ಇದೆ. ಆ ಹುಡುಗನ ವಿಷಯವನ್ನು ಊರಿನ ಮೇಷ್ಟ್ರಿಗೂ ಮಕ್ಕಳ ರಕ್ಷಣಾ ಸಮಿತಿಯವರಿಗೂ ತಿಳಿಸಿ ಬಂದೆ. ಅವನ ಮನೆಯವರನ್ನು ಹುಡುಕುವುದು, ಶಾಲೆಗೆ ಸೇರಿಸುವುದು ಅಲ್ಲಿಯವರಿಂದ ಮಾತ್ರ ಆಗುವ ಕೆಲಸ. ಅವನ ಮುಖ ಕಾಣುವ ಆ ಫೋಟೊವನ್ನು ಎಲ್ಲೂ ಪ್ರಕಟಿಸಿಲ್ಲ. ಪತ್ರಿಕೆಯವರು ಕೇಳಿದಾಗ ಮುಖ ಕಾಣದ ಇನ್ನೊಂದನ್ನು ಕೊಟ್ಟೆ, ಊರಿನ ಹೆಸರು ತೆಗೆದು. ಅದರ ಕೆಳಗೆ ಬಾಲಕಾರ್ಮಿಕ ಎಂದೇ ಬರೆದಿದ್ದೇನೆ. ಹುಡುಗಿಯ ಫೋಟೊವನ್ನು ನೀವು ಹಂಚುವುದಾದರೆ ದಯವಿಟ್ಟು ಶನಿವಾರ ಅನ್ನುವ ಸಾಲನ್ನು ಕತ್ತರಿಸಬೇಡಿ.